ನಡು ಮತ್ತು ನೆರೆ: ಸಾಲುಸಂಖ್ಯೆಗಳ ಲೆಕ್ಕ



ಗಣಿತದ ದತ್ತಿ ಉಪನ್ಯಾಸ ಅಂದರೆ ಜನರಿಗೆ ಎರಡು ಬಗೆಯ ಹೆದರಿಕೆ. ಬಂದವನು ಅರ್ಥವಾಗದ್ದನ್ನು ಹೇಳುತ್ತಾನೋ ಅಂತ ಒಂದು; ಗಣಿತವನ್ನೇ ಬಿಟ್ಟು ಗಣಿತಜ್ಞರ ಬಡತನದ ಕತೆ ಹೇಳಿ ಇಳಿದುಬಿಡುತ್ತಾನೋ ಅಂತ ಇನ್ನೊಂದು. ನಾನು ತಂದಿರುವುದು ಎಂಟನೇ ಕ್ಲಾಸಿನ ಒಂದು ಲೆಕ್ಕ. ಕಪ್ಪುಹಲಗೆ ಬೇಕು ಅಂದಿದ್ದೆ, ಇಟ್ಟಿದ್ದಾರೆ. ಸೀಮೆಸುಣ್ಣವೂ ಇದೆ. ಇನ್ನೇನು ಬೇಕು?

ಒಂದರ ಹಿಂದೆ ಒಂದು ಬರುವ ಮೂರು ಪೂರ್ಣಾಂಕಗಳನ್ನು ಕೂಡಿದರೆ 51, ಅವು ಯಾವುವು? ಪಠ್ಯಪುಸ್ತಕ ಇಂಥವನ್ನು ಕ್ರಮಾಗತ, ಅನುಕ್ರಮ ಎಂದೆಲ್ಲ ಕರೆಯುತ್ತದೆ. ನಾನು ಇವತ್ತು ಸಾಲುಸಂಖ್ಯೆ ಎನ್ನುತ್ತೇನೆ, ಬಾಯಿಗೆ ಹಗುರ. ಇದನ್ನು ನಾವು ಕಲಿಸುವ ಬಗೆ ನಿಮಗೆಲ್ಲ ಗೊತ್ತು. ಮೊದಲನೆಯದು ಎಕ್ಸ್ ಆಗಿರಲಿ, ಎರಡನೆಯದು ಎಕ್ಸ್ ಕೂಡಿಸು ಒಂದು, ಮೂರನೆಯದು ಎಕ್ಸ್ ಕೂಡಿಸು ಎರಡು. ಮೂರು ಎಕ್ಸ್ ಕೂಡಿಸು ಮೂರು ಸಮ 51. ಆದ್ದರಿಂದ ಎಕ್ಸ್ ಸಮ 16. ತಪ್ಪೇನಿಲ್ಲ. ಬಹಳ ವರ್ಷಗಳ ಹಿಂದೆ ಒಬ್ಬ ಹುಡುಗ ಪರೀಕ್ಷೆಯಲ್ಲಿ ಇದಕ್ಕೆ ಒಂದೇ ಸಾಲು ಬರೆದಿದ್ದ: 51 ಭಾಗಿಸು 3, 17, ಉತ್ತರ 16, 17, 18. ನಾನು ಕೆಂಪು ಶಾಯಿಯಲ್ಲಿ ‘ಕ್ರಮ ಎಲ್ಲಿ?’ ಎಂದು ಬರೆದು 3ಕ್ಕೆ 1 ಕೊಟ್ಟೆ. ಅವನು ಸ್ಟಾಫ್ ರೂಮಿಗೇ ಬಂದ. ‘ಸಾರ್, ಈ ಕಡೆಯವನು ಒಂದು ಕಮ್ಮಿ, ಆ ಕಡೆಯವನು ಒಂದು ಜಾಸ್ತಿ. ನಡುವಿನವನಿಗೆ ಸರಿಹೋಯ್ತಲ್ಲ ಸಾರ್?’ ಅಂದ. ‘ಎಕ್ಸ್ ಆಗಿರಲಿ ಅಂತ ಬರೀಬೇಕು ಕಣೋ’ ಎಂದು ಕಳಿಸಿದೆ. ಆ ಎರಡು ಅಂಕ ಇವತ್ತಿಗೂ ನನ್ನ ಮೇಲಿನ ಬಾಕಿ. ಈ ಉಪನ್ಯಾಸವನ್ನು ಅದರ ಬಡ್ಡಿ ಎಂದುಕೊಳ್ಳಿ.

ಏಕೆಂದರೆ ಹುಡುಗ ಬಳಸಿದ್ದು ಅಡ್ಡದಾರಿಯಲ್ಲ, ಹಳೆಯ ಹೆದ್ದಾರಿ. ಕ್ರಿ.ಶ. 499ರ ಆರ್ಯಭಟೀಯದ ಗಣಿತಪಾದದಲ್ಲಿ ಶ್ರೇಢಿಯ ಮೊತ್ತಕ್ಕೆ ಹೇಳಿರುವ ವಿಧಾನ ಇದೇ: ಮೊದಲು ನಡುವಿನ ಬೆಲೆಯನ್ನು ಹಿಡಿ, ಆಮೇಲೆ ಪದಗಳೆಷ್ಟೋ ಅಷ್ಟರಿಂದ ಗುಣಿಸು. ಮೊದಲನೆಯದನ್ನೂ ಕೊನೆಯದನ್ನೂ ಕೂಡಿ ಅರ್ಧ ಪದಸಂಖ್ಯೆಯಿಂದ ಗುಣಿಸುವ ದಾರಿ ಅಲ್ಲಿ ‘ಅಥವಾ’ ಎಂಬಂತೆ ಎರಡನೆಯದಾಗಿ ಬರುತ್ತದೆ. ಆಮೇಲಿನವರು ನಡುವಿಗೆ ಮಧ್ಯಧನ ಎಂದೂ ಮೊತ್ತಕ್ಕೆ ಸರ್ವಧನ ಎಂದೂ ಹೆಸರಿಟ್ಟರು. ನಮ್ಮ ನೆಲದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಶ್ರೇಢಿಗಳನ್ನು ಎಳೆಎಳೆಯಾಗಿ ಬಿಡಿಸಿದ. ಬಾಲಕ ಗೌಸ್ ನೂರರವರೆಗೆ ಕೂಡಿದ ಕತೆ ಎಲ್ಲರಿಗೂ ಗೊತ್ತು, ಅದನ್ನು ಬಿಟ್ಟುಬಿಡೋಣ.

ಸಾಲಿನಲ್ಲಿ ಬೆಸ ಜನ ಇದ್ದರೆ ನಡುವೆ ಒಬ್ಬ ಇದ್ದೇ ಇರುತ್ತಾನೆ. ಸಮ ಜನ ಇದ್ದರೆ? ನಡು ಎನ್ನುವುದು ಇಬ್ಬರ ನಡುವಿನ ಸಂದಿಗೆ ಬೀಳುತ್ತದೆ. ನಾಲ್ಕು ಸಾಲುಸಂಖ್ಯೆಗಳ ಮೊತ್ತ 50 ಎಂದರೆ ನಡು ಹನ್ನೆರಡೂವರೆ. ಅದರ ಅಕ್ಕಪಕ್ಕ 12, 13. ಆಚೆ 11, 14. ಮೊತ್ತ 52 ಎಂದು ಕೊಟ್ಟರೆ ನಡು 13ಕ್ಕೇ ಬಂದು ಕೂರುತ್ತದೆ, ಸಂದಿಗೆ ಬರುವುದಿಲ್ಲ. ಹಾಗಾಗಿ ನಾಲ್ಕು ಸಾಲುಸಂಖ್ಯೆಗಳಿಂದ 52 ಮಾಡಲು ಆಗುವುದೇ ಇಲ್ಲ. ಸಮೀಕರಣ ಬಿಡಿಸಿದವನಿಗೂ ಇದು ಕೊನೆಗೆ ತಿಳಿಯುತ್ತದೆ, ಆದರೆ ಭಿನ್ನರಾಶಿ ಬಂದಿತಲ್ಲ ಎಂದು ಅವನು ಮೊದಲಿಂದ ಲೆಕ್ಕ ತಿದ್ದಲು ಕೂರುತ್ತಾನೆ. ನಡುವನ್ನು ನೋಡಿದವನು ಆಗದು ಎಂದು ಪೆನ್ನು ಕೆಳಗಿಡುತ್ತಾನೆ.

ಇಲ್ಲಿಂದ ಒಂದು ಹೆಜ್ಜೆ ಮುಂದೆ. 15ನ್ನು ಧನ ಸಾಲುಸಂಖ್ಯೆಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದು? 7+8, 4+5+6, 1+2+3+4+5. ಇನ್ನು 16? ಎಷ್ಟು ತಿಣುಕಿದರೂ ಇಲ್ಲ. ಮೊದಲ ಸಂಖ್ಯೆ ಮತ್ತು ಕೊನೆಯ ಸಂಖ್ಯೆಯನ್ನು ಕೂಡಿ, ಎಷ್ಟು ಸಂಖ್ಯೆಗಳಿವೆಯೋ ಅದರಿಂದ ಗುಣಿಸಿದರೆ ಮೊತ್ತದ ಎರಡರಷ್ಟು ಬರುತ್ತದೆ. ಗುಣಿಸಿಕೊಂಡ ಈ ಎರಡರಲ್ಲಿ ಒಂದು ಸಮವಾದರೆ ಇನ್ನೊಂದು ಬೆಸ, ಯಾವಾಗಲೂ. ಅಂದಮೇಲೆ ಮೊತ್ತಕ್ಕೆ 1ಕ್ಕಿಂತ ದೊಡ್ಡ ಬೆಸ ಭಾಜಕ ಇರಲೇಬೇಕು. 2, 4, 8, 16, 32 ಇವಕ್ಕೆ ಅದಿಲ್ಲ. ಇರುವ ಸಂಖ್ಯೆಗಳಿಗೆ, ಎಷ್ಟು ಬೆಸ ಭಾಜಕಗಳೋ ಅಷ್ಟೇ ಬಗೆಗಳು, ಒಂಟಿಯಾಗಿ ನಿಂತ ತನ್ನನ್ನೂ ಒಂದು ಬಗೆ ಎಂದು ಎಣಿಸಿಕೊಂಡರೆ. 15ಕ್ಕೆ 1, 3, 5, 15, ಹೀಗೆ ನಾಲ್ಕು. ಇದನ್ನು ಬ್ರಿಟಿಷ್ ಗಣಿತಜ್ಞ ಸಿಲ್ವೆಸ್ಟರ್ 1882ರಲ್ಲಿ ಹೇಳಿದ. ಮಕ್ಕಳು ಬೇಳೆಕಾಳು ಜೋಡಿಸಿಯೂ ಕಂಡುಕೊಳ್ಳಬಹುದು.

ನಡುವಿಗೆ ಹೆಸರಿಡುವುದರ ಲಾಭ ವರ್ಗಗಳು ಬಂದಾಗ ಇನ್ನೂ ಚೆನ್ನಾಗಿ ಕಾಣುತ್ತದೆ. ಹತ್ತನೇ ಕ್ಲಾಸಿನ ವರ್ಗಸಮೀಕರಣದ ಪಾಠದಲ್ಲಿ ಒಂದು ಲೆಕ್ಕವಿದೆ: ಎರಡು ಸಾಲುಸಂಖ್ಯೆಗಳ ವರ್ಗಗಳ ಮೊತ್ತ 365. ವರ್ಷದ ದಿನಗಳಷ್ಟು. ಸಂದಿಯಲ್ಲಿರುವ ನಡುವನ್ನು ‘ನ’ ಎನ್ನಿ. ಎರಡು ಸಂಖ್ಯೆಗಳು ಅದಕ್ಕಿಂತ ಅರ್ಧ ಕಮ್ಮಿ, ಅರ್ಧ ಜಾಸ್ತಿ. ವರ್ಗ ಮಾಡಿ ಕೂಡಿದರೆ ಒಂದರ ಕಮ್ಮಿಯನ್ನು ಇನ್ನೊಂದರ ಜಾಸ್ತಿ ನುಂಗಿ, ನ ವರ್ಗದ ಎರಡರಷ್ಟು ಮತ್ತು ಅರ್ಧ ಮಾತ್ರ ಉಳಿಯುತ್ತದೆ. ನ ವರ್ಗ 182.25, ನ ಹದಿಮೂರೂವರೆ. 13, 14. ಅಪವರ್ತಿಸುವ ಗೋಜೇ ಇಲ್ಲ. ನ ಹದಿಮೂರೂವರೆಯ ಋಣವೂ ಆಗಬಹುದು, ಆಗ −14, −13; ಪುಸ್ತಕದಲ್ಲಿ ‘ಧನ’ ಎಂಬ ಎರಡಕ್ಷರ ಇರುವುದು ಅವನ್ನು ಬಾಗಿಲಲ್ಲೇ ತಡೆಯಲು.

ಇದೇ 365 ರಷ್ಯಾದ ಒಂದು ಚಿತ್ರದಲ್ಲಿದೆ. ಬೊಗ್ದಾನೊವ್-ಬೆಲ್‌ಸ್ಕಿ 1895ರಲ್ಲಿ ಬರೆದ ಚಿತ್ರ: ಹಳ್ಳಿ ಶಾಲೆ, ಒರಟು ಬಟ್ಟೆಯ ಹುಡುಗರು, ಮೂಲೆಯಲ್ಲಿ ಕುರ್ಚಿಯ ಮೇಲೆ ಮೇಷ್ಟ್ರು ರಚಿನ್‌ಸ್ಕಿ. ಹಲಗೆಯ ಮೇಲೆ 10, 11, 12, 13, 14 ಇವುಗಳ ವರ್ಗಗಳನ್ನು ಕೂಡಿ 365ರಿಂದ ಭಾಗಿಸುವ ಬಾಯಿಲೆಕ್ಕ. ಉತ್ತರ 2. ಏಕೆಂದರೆ ಮೊದಲ ಮೂರರ ವರ್ಗಗಳ ಮೊತ್ತವೂ 365, ಉಳಿದ ಎರಡರದ್ದೂ 365. ಇಂಥ ಐದರ ಸಾಲು ಇನ್ನೆಲ್ಲಾದರೂ ಇದೆಯೇ? ನಡುವನ್ನು ನ ಎಂದಿಟ್ಟು ಬರೆದರೆ ಎಲ್ಲ ಕಳೆದುಹೋಗಿ, ನ ವರ್ಗ ಸಮ ಹನ್ನೆರಡು ನ ಎಂದಾಗುತ್ತದೆ. ನ 12, ಇಲ್ಲವೇ ಸೊನ್ನೆ. ಸೊನ್ನೆಯಾದರೆ −2, −1, 0 ಒಂದು ಕಡೆ, 1, 2 ಇನ್ನೊಂದು ಕಡೆ, ಎರಡೂ 5. ಚಿತ್ರದ ಹುಡುಗರಲ್ಲಿ ಒಬ್ಬ ಬಾಗಿ ಮೇಷ್ಟ್ರ ಕಿವಿಯಲ್ಲಿ ಏನೋ ಹೇಳುತ್ತಿದ್ದಾನೆ. ಉತ್ತರ ಎರಡು ಅಂತಲೇ ಇರಬೇಕು. ಆ ಮೇಷ್ಟ್ರು ‘ಕ್ರಮ ಎಲ್ಲಿ’ ಎನ್ನಲಿಲ್ಲ ಎಂದು ನನ್ನ ನಂಬಿಕೆ.

ನಡುವಿನ ಮಾತು ಇಷ್ಟು ಸಾಕು. ಇನ್ನು ನೆರೆ. ಪ್ರವಾಹದ ನೆರೆಯಲ್ಲ, ನೆರೆಹೊರೆಯ ನೆರೆ.

ಎರಡು ಸಂಖ್ಯೆಗಳನ್ನು ಯಾವುದೋ ಒಂದು ಸಂಖ್ಯೆ ನಿಶ್ಶೇಷವಾಗಿ ಭಾಗಿಸುತ್ತದೆ ಎನ್ನಿ. ಆಗ ಅವುಗಳ ನಡುವಿನ ಅಂತರವನ್ನೂ ಅದು ಭಾಗಿಸಲೇಬೇಕು. ಪಕ್ಕಪಕ್ಕದ ಎರಡು ಸಂಖ್ಯೆಗಳ ಅಂತರ 1. ಅದನ್ನು ಭಾಗಿಸುವುದು 1 ಮಾತ್ರ. ಹೀಗಾಗಿ ಗೋಡೆಗೆ ಗೋಡೆ ಹೊಂದಿಕೊಂಡಿರುವ ನೆರೆಯವರಿಗೆ ಹಂಚಿಕೊಂಡ ಆಸ್ತಿ ಒಂದೂ ಇಲ್ಲ. ಪುಸ್ತಕದ ಭಾಷೆಯಲ್ಲಿ ಅವು ಸಹ-ಅವಿಭಾಜ್ಯ. ಇಷ್ಟು ಸಣ್ಣ ಮಾತು ಎಷ್ಟು ದೂರ ಕೊಂಡೊಯ್ಯುತ್ತದೆ ಎಂಬುದೇ ಇವತ್ತಿನ ನನ್ನ ವಿಷಯ.

ಹಂಗೇರಿಯ ಗಣಿತಜ್ಞ ಪಾಲ್ ಎರ್ಡಿಷ್ 1959ರ ಬೇಸಿಗೆಯಲ್ಲಿ ಲಾಯೋಷ್ ಪೋಷಾ ಎಂಬ ಹನ್ನೆರಡು ತುಂಬದ ಹುಡುಗನನ್ನು ಊಟಕ್ಕೆ ಕರೆದು ಕೇಳಿದ: 1ರಿಂದ 100ರವರೆಗೆ ಯಾವ 51 ಸಂಖ್ಯೆಗಳನ್ನು ಆರಿಸಿದರೂ ಅವುಗಳಲ್ಲಿ ಸಹ-ಅವಿಭಾಜ್ಯವಾದ ಎರಡು ಇರಲೇಬೇಕು, ಏಕೆ? ಎರ್ಡಿಷ್ ಕೇಳಿದ್ದು 100 ಎಂದಲ್ಲ, ಯಾವುದೇ ಸಮಸಂಖ್ಯೆಗೆ. ನಾನು ನೂರಕ್ಕೆ ಇಳಿಸಿದ್ದೇನೆ. ಹುಡುಗ ಸೂಪು ಕುಡಿಯುತ್ತಿದ್ದವನು ಅರೆಗಳಿಗೆ ತಡೆದು, ಎರಡು ಪಕ್ಕಪಕ್ಕದವು ಬಂದೇ ಬರುತ್ತವೆ ಅಂದನಂತೆ. ನೂರು ಜನರನ್ನು ಐವತ್ತು ಜೋಡಿ ಮಾಡಿ ಕೂರಿಸಿ. 51 ಜನರನ್ನು ಎಬ್ಬಿಸಿದರೆ ಒಂದು ಜೋಡಿಯ ಇಬ್ಬರೂ ಏಳಲೇಬೇಕು.

ಇದಕ್ಕಿಂತ ಸ್ವಾರಸ್ಯದ್ದು ಕೇಂಬ್ರಿಜ್‌ನಲ್ಲಿ ನಡೆಯಿತು. 1914ರ ಡಿಸೆಂಬರಿನ ಸ್ಟ್ರಾಂಡ್ ಪತ್ರಿಕೆಯಲ್ಲಿ ಒಂದು ಒಗಟು ಬಂದಿತ್ತು. ಯುದ್ಧ ಶುರುವಾಗಿ ಬೆಲ್ಜಿಯಂನ ಲೂವೆನ್ ಪಟ್ಟಣ ಸುಟ್ಟುಹೋದ ಹೊಸತು. ಒಗಟಿನ ಬೀದಿಯೂ ಅಲ್ಲಿಯದೇ. ಬೀದಿಯ ಒಂದೇ ಬದಿಗೆ 1, 2, 3 ಎಂದು ಮನೆಗಳು. ಒಂದು ಮನೆಯ ಎಡಗಡೆಯ ಮನೆಗಳ ನಂಬರುಗಳನ್ನು ಕೂಡಿದರೂ ಬಲಗಡೆಯವನ್ನು ಕೂಡಿದರೂ ಒಂದೇ ಮೊತ್ತ. ಮನೆಗಳು ಐವತ್ತಕ್ಕಿಂತ ಹೆಚ್ಚು, ಐನೂರಕ್ಕಿಂತ ಕಮ್ಮಿ. ಆ ಮನೆಯ ನಂಬರು ಎಷ್ಟು? ಗೆಳೆಯ ಪಿ.ಸಿ. ಮಹಲನೋಬಿಸ್ ಇದನ್ನು ಓದಿ ಹೇಳಿದಾಗ ಶ್ರೀನಿವಾಸ ರಾಮಾನುಜನ್ ಒಲೆಯ ಮೇಲಿನ ಬಾಣಲೆಯಲ್ಲಿ ತರಕಾರಿ ಕೈಯಾಡಿಸುತ್ತಿದ್ದರು. ಸೌಟು ಬಿಡದೆ, ಇಂಥ ಎಲ್ಲ ಬೀದಿಗಳಿಗೂ ಒಟ್ಟಿಗೇ ಉತ್ತರ ಕೊಡುವ ಸತತ ಭಿನ್ನರಾಶಿಯನ್ನು ಬರೆಸಿದರು. ಈ ನೆನಪು ನಮಗೆ ಉಳಿದದ್ದು ಎಸ್.ಆರ್. ರಂಗನಾಥನ್ ರಾಮಾನುಜನ್ ಬಗ್ಗೆ 1967ರಲ್ಲಿ ತಂದ ಪುಸ್ತಕದಿಂದ. ಹೌದು, ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಅವರೇ. ಮೊದಲು ಗಣಿತದ ಮೇಷ್ಟ್ರು, ಕೊನೆಯ ವರ್ಷಗಳಲ್ಲಿ ಬೆಂಗಳೂರಿನವರು.

ರಾಮಾನುಜನ್ ಹೇಗೆ ಕಂಡರೋ, ಅದು ಅವರ ದಾರಿ. ನಮ್ಮಂಥವರಿಗೆ ನೆರೆಯ ದಾರಿ ಇದೆ. ಸ್ವಲ್ಪ ಕೂಡಿ ಕಳೆದರೆ ಲೆಕ್ಕ ಇಲ್ಲಿಗೆ ಬಂದು ನಿಲ್ಲುತ್ತದೆ: ಒಟ್ಟು ಮನೆಗಳ ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿದರೆ, ನಮಗೆ ಬೇಕಾದ ಮನೆ ನಂಬರಿನ ವರ್ಗದ ಎರಡರಷ್ಟು. ಸಮೀಕರಣದ ಎಡಕ್ಕೆ ಇಬ್ಬರು ನೆರೆಯವರು, ಹಂಚಿಕೊಂಡ ಆಸ್ತಿ ಏನೂ ಇಲ್ಲ. ಅವರ ಗುಣಲಬ್ಧ ಒಂದು ವರ್ಗದ ಇಮ್ಮಡಿ ಆಗಬೇಕಾದರೆ ಒಬ್ಬ ಪೂರ್ತಿ ವರ್ಗ ಆಗಿರಬೇಕು, ಇನ್ನೊಬ್ಬ ವರ್ಗದ ಇಮ್ಮಡಿ ಆಗಿರಬೇಕು, ಬೇರೆ ದಾರಿಯಿಲ್ಲ. ಈಗ ವರ್ಗಗಳನ್ನು ಒಂದೊಂದಾಗಿ ಹಿಡಿದು ಪಕ್ಕದ ಮನೆ ಇಣುಕಿ. 9ರ ಪಕ್ಕ 8, ಅದು 4ರ ಇಮ್ಮಡಿ. ಎಂಟು ಮನೆಗಳ ಬೀದಿ, ನಂಬರು 6: ಎಡಕ್ಕೆ 15, ಬಲಕ್ಕೆ 7+8. ಮುಂದೆ 49, ಪಕ್ಕ 50, ಅಂದರೆ 25ರ ಇಮ್ಮಡಿ. ನಂಬರು 35, ಆದರೆ ಮನೆಗಳು ಐವತ್ತಕ್ಕೆ ಒಂದು ಕಮ್ಮಿ. ಒಗಟು ಕಟ್ಟಿದವನು ‘ಐವತ್ತಕ್ಕಿಂತ ಹೆಚ್ಚು’ ಅಂದದ್ದು ಇದನ್ನು ಹೊರಗಿಡಲು. ಆಮೇಲೆ 289, ಪಕ್ಕ 288, ಅಂದರೆ 144ರ ಇಮ್ಮಡಿ. ಮನೆಗಳು 288, ನಂಬರು 12×17, ಅಂದರೆ 204. ಕೂಡಿ ನೋಡಿ, ಎರಡು ಕಡೆಯೂ 20706. ಹದಿನೇಳರ ಮಗ್ಗಿ ಬರುವ ಯಾರಾದರೂ ಇದನ್ನು ಸೌಟು ಹಿಡಿದುಕೊಂಡೇ ಮಾಡಬಹುದು. 1, 6, 35, 204 ಎಂದು ಬರೆದಿಟ್ಟು, ಒಂದೊಂದೂ ಹಿಂದಿನದರ ಆರರಷ್ಟರಲ್ಲಿ ಅದರ ಹಿಂದಿನದನ್ನು ಕಳೆದದ್ದು ಎಂಬುದನ್ನು ಗಮನಿಸಿದರೆ ಇನ್ನೂ ದೊಡ್ಡ ಬೀದಿಗಳು ತಾವಾಗಿ ಬರುತ್ತವೆ. ಬ್ರಹ್ಮಗುಪ್ತ, ಭಾಸ್ಕರಾಚಾರ್ಯರು ವರ್ಗಪ್ರಕೃತಿ ಎಂದು ಕರೆದದ್ದು ಈ ಜಾತಿಯ ಲೆಕ್ಕವನ್ನೇ.

ಗುಣಾಕಾರದ ಮಾತು ಬಂತು. ಮೂರು ಧನ ಸಾಲುಸಂಖ್ಯೆಗಳನ್ನು ಗುಣಿಸಿದರೆ ಪೂರ್ಣವರ್ಗ ಬರಬಹುದೇ? ನಡುವಿನದು ನ ಆದರೆ ಅಕ್ಕಪಕ್ಕದ ಎರಡರ ಗುಣಲಬ್ಧ ನ ವರ್ಗಕ್ಕಿಂತ 1 ಕಮ್ಮಿ. ಅದು ನ ವರ್ಗದ ನೆರೆ, ಹಾಗಾಗಿ ನ ಜೊತೆ ಅದಕ್ಕೆ ಏನೂ ಹಂಚಿಕೆಯಿಲ್ಲ; ಎರಡೂ ಬೇರೆಬೇರೆಯಾಗಿ ವರ್ಗವಾಗಬೇಕು. ಒಂದು ಧನ ವರ್ಗದ ಪಕ್ಕದ ಮನೆಯಲ್ಲೇ ಇನ್ನೊಂದು ಧನ ವರ್ಗ ಎಲ್ಲಿಂದ ಬರಬೇಕು? ಆಗದು. ನಾಲ್ಕಾದರೆ ಗುಣಲಬ್ಧಕ್ಕೆ 1 ಕೂಡಿಸಿದಾಗ ಯಾವಾಗಲೂ ವರ್ಗವೇ: 2×3×4×5 ಎಂದರೆ 120, ಜೊತೆಗೆ 1, 121. ಅಂದಮೇಲೆ ಅಲ್ಲೂ ಅದೇ ಅಡ್ಡಿ. ಎಷ್ಟೇ ಸಾಲುಸಂಖ್ಯೆಗಳನ್ನು ಗುಣಿಸಿದರೂ ವರ್ಗವಾಗಲಿ ಘನವಾಗಲಿ ಯಾವ ಘಾತವೂ ಬರುವುದಿಲ್ಲ ಎಂದು ಪೂರ್ತಿಯಾಗಿ ತೋರಿಸಿದ್ದು ಎರ್ಡಿಷ್ ಮತ್ತು ಸೆಲ್ಫ್ರಿಜ್, 1975ರಲ್ಲಿ.

ಈ ದಾರಿಯಲ್ಲಿ ಅವರಿಗಿಂತ ಮೊದಲು ನಡೆದವರೊಬ್ಬರು ನಮ್ಮ ನೆರೆನಾಡಿನವರು. ಎಸ್.ಎಸ್. ಪಿಳ್ಳೈ. ಹುಟ್ಟಿದ್ದು 1901ರಲ್ಲಿ, ತಮಿಳುನಾಡಿನ ಕುತ್ತಾಲಂ ಕಡೆ. ಅಣ್ಣಾಮಲೈ ವಿಶ್ವವಿದ್ಯಾನಿಲಯದಲ್ಲಿ ಪಾಠ ಮಾಡುತ್ತ ಸಂಖ್ಯೆಗಳನ್ನು ಘಾತಗಳ ಮೊತ್ತವಾಗಿ ಬರೆಯುವ ವಾರಿಂಗ್‌ನ ಸಮಸ್ಯೆಯ ಮೇಲೆ ಜಗತ್ತು ತಿರುಗಿ ನೋಡುವ ಕೆಲಸ ಮಾಡಿದವರು. 1940ರಲ್ಲಿ ಅವರು ಸಾಲುಸಂಖ್ಯೆಗಳ ಮೇಲೆ ಲೇಖನಗಳ ಒಂದು ಸರಣಿ ಶುರುಮಾಡಿದರು. ಅದು ಬಂದದ್ದು ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಪಿಳ್ಳೈ ಕೇಳಿಕೊಂಡ ಪ್ರಶ್ನೆ ಇದು: ಒಂದಷ್ಟು ಸಾಲುಸಂಖ್ಯೆಗಳ ಗುಂಪಿನಲ್ಲಿ, ಉಳಿದ ಯಾರೊಂದಿಗೂ ಏನನ್ನೂ ಹಂಚಿಕೊಳ್ಳದ ಒಬ್ಬ ಇದ್ದೇ ಇರುತ್ತಾನೆಯೇ?

ಐದು ಸಂಖ್ಯೆಗಳ ಗುಂಪು ಹಿಡಿಯೋಣ. ಯಾವ ಎರಡರ ಅಂತರವೂ 4ಕ್ಕಿಂತ ಹೆಚ್ಚಿಲ್ಲ. ಹಾಗಾಗಿ ಹಂಚಿಕೆಯೇನಿದ್ದರೂ 2 ಅಥವಾ 3ರ ಮೂಲಕವೇ. ಐದರಲ್ಲಿ ಕಡೇಪಕ್ಷ ಎರಡು ಬೆಸ. ಒಂದರ ಹಿಂದೊಂದು ಬರುವ ಎರಡು ಬೆಸಗಳಲ್ಲಿ 3ರಿಂದ ಭಾಗವಾಗುವುದು ಹೆಚ್ಚೆಂದರೆ ಒಂದು. ಉಳಿದವನೇ ನಮ್ಮ ಒಂಟಿ. ಆರಕ್ಕೂ ಹೀಗೇ ವಾದಿಸಬಹುದು: ಮೂರು ಬೆಸಗಳು, 3ಕ್ಕೆ ಒಂದು ಹೋಯಿತು, 5ಕ್ಕೆ ಹೆಚ್ಚೆಂದರೆ ಇನ್ನೊಂದು, ಒಬ್ಬ ಉಳಿದ. ಗುಂಪು ದೊಡ್ಡದಾದಂತೆ 7, 11, 13 ಬಂದು ಸೇರಿಕೊಳ್ಳುತ್ತವೆ, ವಾದ ಗೋಜಲಾಗುತ್ತದೆ. ಆದರೂ 16ರವರೆಗೆ ಒಂಟಿ ಇದ್ದೇ ಇರುತ್ತಾನೆ ಎಂದು ಪಿಳ್ಳೈ ತೋರಿಸಿದರು. 17ಕ್ಕೆ ಮುರಿದುಬೀಳುತ್ತದೆ. 17ರಿಂದ 430ರವರೆಗಿನ ಪ್ರತಿ ಗಾತ್ರಕ್ಕೂ ಒಂಟಿಯೇ ಇಲ್ಲದ ಗುಂಪು ಉಂಟು ಎಂದೂ ಅವರು ತೋರಿಸಿದರು. ಅದರಾಚೆಗೂ ಹಾಗೆಯೇ ಎಂದು 1941ರಲ್ಲಿ ಆಲ್ಫ್ರೆಡ್ ಬ್ರೌವರ್ ಮುಗಿಸಿದ.

ಹದಿನೇಳರ ಆ ಗುಂಪನ್ನು ಈ ಹಲಗೆಯ ಮೇಲೇ ಹುಡುಕೋಣ. ಹದಿನೇಳು ಕುರ್ಚಿ, 0ಯಿಂದ 16ರವರೆಗೆ ನಂಬರು. 0ಯಲ್ಲಿ ಸಮಸಂಖ್ಯೆಯನ್ನು ಕೂರಿಸಿದರೆ ಸಮ ಕುರ್ಚಿಗಳೆಲ್ಲ 2ರ ಮೂಲಕ ಬಂಧುಗಳಾಗುತ್ತವೆ. ಬೆಸ ಕುರ್ಚಿಗಳು ಎಂಟು ಉಳಿದವು. 0ಯಲ್ಲಿರುವವನು 3ರಿಂದಲೂ ಭಾಗವಾಗಲಿ: 3, 9, 15ನೇ ಕುರ್ಚಿಗಳು ಅವನ ನೆಂಟರು. 7ರಿಂದಲೂ ಆಗಲಿ, 7ನೆಯದು ಬಂತು. 13ರಿಂದಲೂ ಆಗಲಿ, 13ನೆಯದು ಬಂತು. ಉಳಿದದ್ದು 1, 5, 11. ಒಂದನೇ ಕುರ್ಚಿಯವನು 5ರಿಂದ ಭಾಗವಾಗಲಿ. ಆಗ 6, 11, 16 ಕೂಡ ಆಗುತ್ತವೆ. ಐದನೆಯವನು 11ರಿಂದ ಭಾಗವಾಗಲಿ. ಹದಿನಾರನೆಯವನು ಅವನ ಜೊತೆಗಾರ. ಎಲ್ಲರೂ ಮುಗಿದರು. ಈಗ ಅಂಥ ಸಂಖ್ಯೆ ಬೇಕು. 0ಯವನು 2×3×7×13, ಅಂದರೆ 546ರ ಅಪವರ್ತ್ಯ. 1 ಕೂಡಿಸಿದರೆ 5ರಿಂದ, 5 ಕೂಡಿಸಿದರೆ 11ರಿಂದ ನಿಶ್ಶೇಷವಾಗಬೇಕು. ಇದು ಆರ್ಯಭಟನ ಕುಟ್ಟಕ. ದೊಡ್ಡ ಸಂಖ್ಯೆಯನ್ನು ಕುಟ್ಟಿ ಕುಟ್ಟಿ ಸಣ್ಣ ಶೇಷಗಳಿಗೆ ಇಳಿಸುವುದು. 546ನ್ನು 5ರಿಂದ ಭಾಗಿಸಿದರೆ 1 ಉಳಿಯುತ್ತದೆ. ನಮಗೆ 4 ಉಳಿಯಬೇಕು, ಆದ್ದರಿಂದ 4, 9, 14 ಪಟ್ಟು. 11ರಿಂದ ಭಾಗಿಸಿದರೆ 7 ಉಳಿಯುತ್ತದೆ. ನಮಗೆ 6 ಬೇಕು. ನಾಲ್ಕು ಏಳಲಿ 28, ಹನ್ನೊಂದರ ಎರಡು ಮಗ್ಗಿ ಕಳೆದರೆ 6. ಮೊದಲ ಏಟಿಗೇ ಬಿತ್ತು: 4 ಪಟ್ಟು. 2184.

2184ರಿಂದ 2200. ಮನೆಗೆ ಹೋಗಿ ಒಂದೊಂದನ್ನೇ ಒಡೆದು ನೋಡಿ. 2185 ಮತ್ತು 2190ರ ನಡುವೆ 5. 2189 ಮತ್ತು 2200ರ ನಡುವೆ 11. ಒಳಗೆ 2187 ಇದೆ, 3ರ ಏಳನೇ ಘಾತ. ಹತ್ತು ಹೆಜ್ಜೆ ದಾಟಿದರೆ 2197, 13ರ ಘನ. ಇಂಥ ಘನವಂತರಿಗೂ ಇಲ್ಲಿ ಒಂಟಿಯಾಗಿರಲು ಬಿಡುವಿಲ್ಲ, ಇಬ್ಬರನ್ನೂ 2184 ಹಿಡಿದುಕೊಂಡಿದೆ. ಇನ್ನೊಂದು ವಿಚಿತ್ರ: ಸಾಲಿನ ಯಾರನ್ನು ಹಿಡಿದರೂ ಅವನಿಗೆ ತುದಿಯ ಇಬ್ಬರಲ್ಲಿ, 2184 ಅಥವಾ 2200, ಒಬ್ಬನೊಡನೆಯಾದರೂ ನೆಂಟಸ್ತಿಕೆ ಇದೆ. ಎರಡು ಕಂಬಕ್ಕೆ ಕಟ್ಟಿದ ತೋರಣದ ಹಾಗೆ.

ಪಿಳ್ಳೈ 1950ರ ಆಗಸ್ಟ್ 31ರಂದು ಅಮೆರಿಕಕ್ಕೆ ಹೊರಟ ವಿಮಾನದಲ್ಲಿ ಕೈರೊ ಹತ್ತಿರ ತೀರಿಕೊಂಡರು. ಹಾರ್ವರ್ಡ್‌ನಲ್ಲಿ ಗಣಿತಜ್ಞರ ವಿಶ್ವ ಸಮ್ಮೇಳನ ಇತ್ತು, ಪ್ರಿನ್ಸ್‌ಟನ್ನಿನಿಂದ ಆಹ್ವಾನ ಇತ್ತು. ನಲವತ್ತೊಂಬತ್ತು ವಯಸ್ಸು.

ಕೊನೆಗೆ ಒಂದು ಸಣ್ಣ ಸಂಗತಿ, ಈ ಉಪನ್ಯಾಸ ಬರೆಯುವಾಗ ಕಣ್ಣಿಗೆ ಬಿದ್ದದ್ದು. 2, 3, 5, 7, 11, 13 ಇವನ್ನೆಲ್ಲ ಗುಣಿಸಿದರೆ 30030. ಅಷ್ಟನ್ನು ಕೂಡಿಸಿ ಸಾಲನ್ನು ಮುಂದಕ್ಕೆ ತಳ್ಳಿದರೂ ನೆಂಟಸ್ತಿಕೆ ಕೆಡುವುದಿಲ್ಲ. 32214ರಿಂದ 32230 ಕೂಡ ಅಂಥದೇ ಗುಂಪು. ಪೂರ್ಣಾಂಕ ಎಂದಮೇಲೆ ಋಣಸಂಖ್ಯೆಗಳೂ ಸಾಲಿನಲ್ಲಿವೆಯಲ್ಲ. −2200ರಿಂದ −2184ರವರೆಗಿನ ಸಾಲಿಗೂ ಅದೇ ಗುಣ. ಅದಕ್ಕೆ 30030 ಕೂಡಿಸಿದೆ: 27830ರಿಂದ 27846, ಹಿಂದುಮುಂದಾದ ತೋರಣ. ಈಗ 546ರ ಅಪವರ್ತ್ಯ ಕೊನೆಯ ಕುರ್ಚಿಯಲ್ಲಿ ಕೂತಿರಬೇಕು. ಖಾತ್ರಿಮಾಡಿಕೊಳ್ಳಲು 27846ನ್ನು 546ರಿಂದ ಭಾಗಿಸಿದೆ. ಶೇಷ ಸೊನ್ನೆ, ಭಾಗಲಬ್ಧ 51. ಬರಿಯ ಕಾಕತಾಳೀಯ, ಗೊತ್ತು. ಆದರೂ ಆ ಹುಡುಗನ ಉತ್ತರಪತ್ರಿಕೆ ನೆನಪಾಗಿ ಸ್ವಲ್ಪ ಹೊತ್ತು ಪೆನ್ನು ಓಡಲಿಲ್ಲ.